ಸಂಘದ ಕಂಪ್ಯೂಟರಿಗೂ ಪಳಗಿದ ಎತ್ತೇ ಬೇಕು

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆಯಿಂದ ಹಸಿರು ಮೇವಿನ ಬಗ್ಗೆ, ಕೆಚ್ಚಲು ಬಾವಿನ ಬಗ್ಗೆ ತಿಳಿದವರು ಮಾತಾಡಿದ್ದಾರೆ. ನನಗೆ ಕೊಟ್ಟಿರೋ ವಿಷಯ ಕಂಪ್ಯೂಟರ್. ನಾನು ಓದಿರೋದು ಎಸ್ಸೆಸ್ಸೆಲ್ಸಿ. ನನಗ್ಯಾಕೆ ಈ ವಿಷಯ ಅಂತ ಅಧ್ಯಕ್ಷರನ್ನು ಕೇಳಿದೆ. "ಮೀಟಿಂಗಲ್ಲಿ ಕಂಪ್ಯೂಟರ್ ವಿಷಯಕ್ಕೆ ಜಾಸ್ತಿ ಗಲಾಟೆ ಮಾಡಿದೋನು ನೀನೇ ಅಲ್ವೇನಪ್ಪಾ, ಈಗ ನೀನೇ ಹೇಳು" ಅಂದರು. ಹಾಗಾಗಿ ಪಂಡಿತನ ಹಾಗೆ ಅಲ್ಲ, ಗಲಾಟೆ ಮಾಡಿದವನ ಹಾಗೆ ನಾಲ್ಕು ಮಾತು ಹೇಳುತ್ತೇನೆ. ತಪ್ಪಿದ್ದರೆ ತಿಳಿದ ಹುಡುಗರು ತಿದ್ದಬೇಕು.

ಮೊದಲು ಈ ಆಪರೇಟಿಂಗ್ ಸಿಸ್ಟಂ ಅಂದರೆ ಏನು? ನಮ್ಮ ಸಂಘಕ್ಕೆ ಕಾರ್ಯದರ್ಶಿ ಇದ್ದ ಹಾಗೆ ಕಂಪ್ಯೂಟರಿಗೆ ಅದು. ಬೀರುವಿನ ಬೀಗದ ಕೈ ಅವರ ಹತ್ತಿರ, ಲೆಕ್ಕದ ಪುಸ್ತಕ ಅವರ ಹತ್ತಿರ. ಯಾರು ಒಳಗೆ ಬರಬೇಕು, ಯಾರು ಬರಬಾರದು ಅನ್ನೋದೂ ಅವರ ಕೈಲಿ. ಪ್ರಿಂಟರಿಗೆ ಕಾಗದ ಹೋಗಬೇಕಾದರೂ, ಲೆಕ್ಕ ಡಿಸ್ಕಿಗೆ ಇಳಿಯಬೇಕಾದರೂ ಎಲ್ಲ ಅದರ ಮೂಲಕವೇ ಆಗಬೇಕು. ಹೆಚ್ಚಿನವರು ಇದನ್ನ 'ವಿಂಡೋಸ್' ಅಂತಲೇ ಕರೀತಾರೆ, ಯಾಕೆಂದರೆ ಕಂಡಿರೋದು ಅದೊಂದೇ. ನಮಗೂ ೨೦೨೩ರವರೆಗೆ ಅದೊಂದೇ ಗೊತ್ತಿದ್ದುದು.

ಆ ವರ್ಷ ಜುಲೈ ತಿಂಗಳಲ್ಲಿ ಏನಾಯಿತು ಅನ್ನೋದು ಇಲ್ಲಿರುವ ಸದಸ್ಯರಿಗೆ ನೆನಪಿದೆ. ನೆರೆಯ ಊರಿನವರಿಗಾಗಿ ಹೇಳುತ್ತೇನೆ. ಆಗ ನಮಗೆ ಎಲ್ಲಕ್ಕೂ ಒಂದೇ ಕಂಪ್ಯೂಟರ್. ಹಾಲಿನ ತೂಕ, ಫ್ಯಾಟು, ಬಟವಾಡೆ, ನಡವಳಿ ಪುಸ್ತಕದ ಟೈಪಿಂಗು, ಪಶು ಆಹಾರದ ಬಾಕಿ ಎಲ್ಲ ಅದರಲ್ಲೇ. ಅದರಲ್ಲಿದ್ದದ್ದು ವಿಂಡೋಸ್ ೭. ಅದಕ್ಕೆ ಕಂಪನಿಯವರು ೨೦೨೦ರ ಜನವರಿಯಲ್ಲೇ ದುರಸ್ತಿ ಕೊಡೋದು ನಿಲ್ಲಿಸಿದ್ದರು. ಅದು ನಮಗೆ ಗೊತ್ತೇ ಇರಲಿಲ್ಲ. ಅದಕ್ಕಿಂತ ನಾಚಿಕೆಯ ಮಾತು, ನಮ್ಮದು ದುಡ್ಡು ಕೊಟ್ಟು ತಂದದ್ದಲ್ಲ, ಅಂಗಡಿಯವನು ಹಾಕಿಕೊಟ್ಟ ಕಳ್ಳ ಪ್ರತಿ. ಒಂದು ದಿನ ಬೆಳಿಗ್ಗೆ ಐದೂವರೆಗೆ ಬಾಗಿಲು ತೆಗೆದು ಸ್ವಿಚ್ ಹಾಕಿದರೆ ಪರದೆ ತುಂಬ ಇಂಗ್ಲಿಷ್ ಬರಹ. ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ, ದುಡ್ಡು ಕಳಿಸಿದರೆ ಬೀಗ ತೆಗೀತೀವಿ ಅಂತ. ಪೆನ್‌ಡ್ರೈವಿನಿಂದ ಬಂತೋ, ಈ-ಮೇಲಿನಿಂದ ಬಂತೋ, ದೇವರಿಗೇ ಗೊತ್ತು. ಲೆಕ್ಕದ ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟಿದ್ದೆವಾ ಅಂದರೆ ಅದೂ ಇಲ್ಲ.

ಹನ್ನೊಂದು ದಿನ ಕಾರ್ಯದರ್ಶಿ, ಹಾಲು ಪರೀಕ್ಷಕ ಮತ್ತು ನಾವು ಇಬ್ಬರು ನಿರ್ದೇಶಕರು ಕೂತು ಸದಸ್ಯರು ತಂದ ಚೀಟಿಗಳಿಂದ ಹದಿನೈದು ದಿನದ ಲೆಕ್ಕ ಮತ್ತೆ ಕಟ್ಟಿದೆವು. ಹೆಣ್ಣುಮಕ್ಕಳು ಚೀಟಿಗಳನ್ನ ಬಿಸ್ಕತ್ತಿನ ಡಬ್ಬಿಯಲ್ಲಿ, ಅರಿಶಿನದ ಡಬ್ಬಿಯಲ್ಲಿ ಜೋಪಾನ ಮಾಡಿ ಇಟ್ಟಿದ್ದರು. ಅವರ ಜೋಪಾನವೇ ಸಂಘವನ್ನು ಉಳಿಸಿದ್ದು. ಆದರೆ ಒಬ್ಬ ತಾಯಿ, ಗಂಡನಿಲ್ಲದವರು, ಒಂದೇ ಸೀಮೆ ಹಸು ಇಟ್ಟುಕೊಂಡವರು, ಚೀಟಿಗಳನ್ನು ಒಲೆಯ ಮೇಲಿನ ಗೋಡೆಯ ಮೊಳೆಗೆ ಸಿಕ್ಕಿಸಿದ್ದರು. ಆ ಚೀಟಿಯ ಕಾಗದ ಶಾಖಕ್ಕೆ ಕಪ್ಪಾಗುವ ಜಾತಿಯದು. ಎಲ್ಲ ಕರ್‍ರಗಾಗಿ ಒಂದಕ್ಷರ ಕಾಣಿಸಲಿಲ್ಲ. ಕೊನೆಗೆ ಅವರ ಬ್ಯಾಂಕ್ ಪುಸ್ತಕ ನೋಡಿ ಹಿಂದಿನ ಬಟವಾಡೆಗೆ ಎಷ್ಟು ಬಂದಿತ್ತೋ ಅಷ್ಟನ್ನೇ ಕೊಟ್ಟೆವು. ಆದರೆ ಅವರ ಹಸು ಆಗತಾನೇ ಕರು ಹಾಕಿತ್ತು, ಹಾಲು ಏರಿತ್ತು. ನಾವು ಕೊಟ್ಟದ್ದು ಕಡಿಮೆ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. "ಇರ್ಲಿ ಬಿಡಣ್ಣ, ನೀವೇನು ಬೇಕಂತ ಮಾಡಿದ್ರಾ" ಅಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಬೈಯಲಿಲ್ಲ, ಅದಕ್ಕೇ ಮರೆಯೋಕೆ ಆಗಿಲ್ಲ. ನಾನು ಮೀಟಿಂಗಿನಲ್ಲಿ ಗಲಾಟೆ ಮಾಡಿದ್ದು ಆ ಮಾತು ಕೇಳಿದ ಮೇಲೆ.

ಗಲಾಟೆ ಮಾಡಿದೆ ಸರಿ, ಮುಂದೇನು? ಒಂದು ದಾರಿ, ಹೊಸ ಕಂಪ್ಯೂಟರು, ಹೊಸ ವಿಂಡೋಸ್, ಎಲ್ಲ ಲೈಸೆನ್ಸ್ ಸಮೇತ ಕೊಳ್ಳೋದು. ಅದು ತಪ್ಪು ದಾರಿಯಲ್ಲ. ಆದರೆ ನಮ್ಮ ಹತ್ತಿರ ಇದ್ದದ್ದು ಒಬ್ಬ ನಿರ್ದೇಶಕರ ಮಗ ಬೆಂಗಳೂರಿನಿಂದ ತಂದುಕೊಟ್ಟ ೪ ಜಿಬಿಯ ಹಳೇ ಯಂತ್ರ. ವಿಂಡೋಸ್ ೧೧ಕ್ಕೆ ಟಿಪಿಎಂ ೨.೦ ಅನ್ನೋ ರಕ್ಷಣಾ ಚಿಪ್ಪು ಬೇಕು, ಕಂಪನಿ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ನಮ್ಮ ಯಂತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ವಿಂಡೋಸ್ ೧೦ ಹಾಕೋಣ ಅಂದರೆ ಅದರ ಮಾಮೂಲು ದುರಸ್ತಿಗೆ ೨೦೨೫ರ ಅಕ್ಟೋಬರ್ ೧೪ ಕೊನೆ ಅಂತ ಆಗಲೇ ಸಾರಿದ್ದರು. ಗಟ್ಟಿಯಾಗಿರೋ ಯಂತ್ರವನ್ನು ಗುಜರಿಗೆ ಹಾಕಬೇಕಾಗಿತ್ತು.

ಆಗ ನಮ್ಮೂರಿನ ಪಾಲಿಟೆಕ್ನಿಕ್ ಓದೋ ಹುಡುಗ ಲಿನಕ್ಸ್ ಅಂತ ಒಂದಿದೆ ಅಂದ. ಪುಕ್ಕಟೆ ಅಂದ. ಪುಕ್ಕಟೆ ಅಂದ ಕೂಡಲೇ ನನಗೆ ಅನುಮಾನ. ಆಮೇಲೆ ಕೇಳಿ, ಓದಿಸಿ ತಿಳಿದುಕೊಂಡೆ. ೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅನ್ನೋರು ಗ್ನೂ ಅನ್ನೋ ಯೋಜನೆ ಸಾರಿದರು. ಅದರ ತತ್ವ ನಾಲ್ಕೇ ಮಾತು. ತಂತ್ರಾಂಶವನ್ನು ಯಾವ ಕೆಲಸಕ್ಕಾದರೂ ಬಳಸಬಹುದು, ಒಳಗೆ ಏನಿದೆ ಅಂತ ನೋಡಿ ತಿದ್ದಬಹುದು, ಪ್ರತಿ ಮಾಡಿ ಹಂಚಬಹುದು, ತಿದ್ದಿದ್ದನ್ನೂ ಹಂಚಬಹುದು. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಅನ್ನೋ ಹುಡುಗ ಅದಕ್ಕೆ ಬೇಕಾದ ನಡುಗಂಬ ಬರೆದ. ಎರಡೂ ಕೂಡಿ ಈ ಲಿನಕ್ಸ್ ಆಯಿತು. ಸಾವಿರಾರು ಜನ ಅವರವರ ಪಾಲಿನದ್ದನ್ನು ತಂದು ಸುರಿದಿದ್ದಾರೆ. ಇದನ್ನ ಕೇಳಿದಾಗ ನನಗೆ ನೆನಪಾದದ್ದು ನಮ್ಮ ಗದಗ ಜಿಲ್ಲೆಯ ಕಣಗಿನಹಾಳ. ೧೯೦೫ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಹಕಾರ ಸಂಘ ಕಟ್ಟಿದಾಗಲೂ ಇದೇ ಮಾತು. ಒಬ್ಬನ ಕೈಲಿ ಆಗದ್ದು ಹತ್ತು ಜನ ಕೂಡಿದರೆ ಆಗುತ್ತದೆ, ಆದದ್ದು ಹತ್ತೂ ಜನಕ್ಕೆ ಸೇರುತ್ತದೆ.

ಸರಿ, ಲಿನಕ್ಸ್ ಅಂತ ಒಪ್ಪಿದೆವು. ಅಲ್ಲಿಂದ ಶುರುವಾಯಿತು ನೋಡಿ ಫಜೀತಿ. ಲಿನಕ್ಸ್ ಒಂದಲ್ಲ, ನೂರಾರು. ದನಗಳ ಜಾತ್ರೆಗೆ ಹೋದ ಹಾಗೆ. ಉಬುಂಟು, ಮಿಂಟ್, ಫೆಡೋರಾ, ಆರ್ಚ್, ಡೆಬಿಯನ್. ಹುಡುಗರು ಒಬ್ಬೊಬ್ಬರು ಒಂದೊಂದು ಹೊಗಳುತ್ತಾರೆ. ಈ ಗೋಷ್ಠಿಯಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ಜಾತ್ರೆಯಲ್ಲಿ ಹೋರಿ ನೋಡೋಕೆ ಚೆಂದ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಕಟ್ಟಿದ ಕಡೆ ನಿಲ್ಲೋದಿಲ್ಲ. ಉಳುಮೆಗೆ ಬೇಕಾದ್ದು ಪಳಗಿದ ಎತ್ತು. ನಿನ್ನೆ ಹೇಗೆ ನಡೆಯಿತೋ ಇವತ್ತೂ ಹಾಗೇ ನಡೀಬೇಕು, ಸಾಲು ತಪ್ಪಬಾರದು. ಕಂಪ್ಯೂಟರಿನಲ್ಲಿ 'ಸ್ಥಿರ' ಅನ್ನೋ ಮಾತಿಗೆ ಕೆಟ್ಟು ನಿಲ್ಲದೇ ಇರೋದು ಅಂತಷ್ಟೇ ಅರ್ಥ ಅಲ್ಲ. ಕಾರ್ಯದರ್ಶಿ ಸೋಮವಾರ ಒತ್ತಿದ ಗುಂಡಿ ಶುಕ್ರವಾರವೂ ಅದೇ ಜಾಗದಲ್ಲಿ ಇರಬೇಕು ಅಂತ ಅರ್ಥ.

ಈ ದೃಷ್ಟಿಯಿಂದ ಒಂದೊಂದನ್ನೇ ನೋಡಿದೆವು. ಆರ್ಚ್ ಅನ್ನೋದು ದಿನದಿನವೂ ಹೊಸದಾಗುತ್ತಿರುತ್ತದೆ. ಕಲಿಯೋ ಹುಡುಗರಿಗೆ ಒಳ್ಳೆಯದು, ಬಟವಾಡೆ ದಿನ ನಮಗೆ ಕಷ್ಟ. ಫೆಡೋರಾ ಆರು ತಿಂಗಳಿಗೊಮ್ಮೆ ಹೊಸದು ಬರುತ್ತದೆ, ಹಳೆಯದಕ್ಕೆ ಸುಮಾರು ಹದಿಮೂರು ತಿಂಗಳು ಮಾತ್ರ ದುರಸ್ತಿ. ಉಬುಂಟುವಿನಲ್ಲಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ದೀರ್ಘಾವಧಿಯದ್ದು ಬರುತ್ತದೆ, ಐದು ವರ್ಷ ದುರಸ್ತಿ. ಮಿಂಟ್ ಅದರ ಮೇಲೇ ಕಟ್ಟಿದ್ದು, ವಿಂಡೋಸ್ ಬಳಸಿದವರಿಗೆ ಬೇಗ ಕೈಹತ್ತುತ್ತದೆ. ಇವೆರಡೂ ನಂಬಬಹುದಾದವು. ಮನೆಗೆ ಕೇಳಿದವರಿಗೆ ನಾನು ಮಿಂಟ್ ಅಂತಲೇ ಹೇಳೋದು.

ಸಂಘಕ್ಕೆ ನಾವು ಆರಿಸಿದ್ದು ಡೆಬಿಯನ್. ಇದನ್ನ ೧೯೯೩ರಲ್ಲಿ ಇಯಾನ್ ಮರ್ಡಾಕ್ ಅನ್ನೋ ವಿದ್ಯಾರ್ಥಿ ಶುರು ಮಾಡಿದ್ದು. ತನ್ನ ಗೆಳತಿ ಡೆಬ್ರಾ ಹೆಸರಿನ ಮೊದಲ ತುಂಡಿಗೆ ತನ್ನ ಹೆಸರು ಸೇರಿಸಿ ಡೆಬಿಯನ್ ಅಂತ ಇಟ್ಟ. ಇದಕ್ಕೆ ಮಾಲೀಕ ಕಂಪನಿ ಇಲ್ಲ. ೧೯೯೭ರಲ್ಲಿ ಬಳಸುವವರಿಗೆ ನಾವು ಇಂಥದ್ದಕ್ಕೆ ಬದ್ಧ ಅಂತ ಒಂದು ಸಾಮಾಜಿಕ ಒಪ್ಪಂದ ಬರೆದುಕೊಂಡರು. ಪ್ರತಿ ವರ್ಷ ಅದರ ಕೆಲಸಗಾರರು ಓಟು ಹಾಕಿ ತಮ್ಮ ನಾಯಕನನ್ನು ಆರಿಸುತ್ತಾರೆ. ದೊಡ್ಡ ತಕರಾರು ಬಂದರೆ ನಮ್ಮ ಮಹಾಸಭೆಯ ಹಾಗೆ ನಿರ್ಣಯ ಮಂಡಿಸಿ ಮತಕ್ಕೆ ಹಾಕುತ್ತಾರೆ. ವೈಫೈ ಮುಂತಾದ ಬಿಡಿಭಾಗಗಳಿಗೆ ಬೇಕಾದ, ಆದರೆ ಮುಕ್ತವಲ್ಲದ ತಂತ್ರಾಂಶವನ್ನ ಜೊತೆಗೆ ಕೊಡಬೇಕೋ ಬೇಡವೋ ಅಂತ ೨೦೨೨ರಲ್ಲಿ ಹೀಗೇ ಓಟಾಯಿತು. ಕೊಡೋಣ ಅಂತಾಯಿತು. ೨೦೨೩ರ ಜೂನ್‌ನಲ್ಲಿ ಬಂದ ಡೆಬಿಯನ್ ೧೨ರಲ್ಲಿ ಅದು ಸೇರಿತು, ನಮ್ಮ ಯಂತ್ರದ ವೈಫೈ ಮೊದಲ ದಿನವೇ ನಡೆಯಿತು. ಸಹಕಾರಿಗೆ ಇದಕ್ಕಿಂತ ಹತ್ತಿರದ ನೆಂಟ ಇನ್ನಾರು?

ಡೆಬಿಯನ್ನಿನಲ್ಲಿ ಮೂರು ಮನೆಗಳಿವೆ. ಹೊಸದಾಗಿ ಬಂದ ತಂತ್ರಾಂಶ ಮೊದಲು ಅಸ್ಥಿರದ ಮನೆಗೆ ಬರುತ್ತದೆ, ಅಲ್ಲಿಂದ ಪರೀಕ್ಷೆಯ ಮನೆಗೆ. ಸುಮಾರು ಎರಡು ವರ್ಷಕ್ಕೊಮ್ಮೆ ಎಲ್ಲ ಸೋಸಿ, ಸ್ಥಿರ ಅಂತ ಬಿಡುಗಡೆ ಮಾಡುತ್ತಾರೆ. ಆಮೇಲೆ ಅದರಲ್ಲಿ ರಕ್ಷಣೆಯ ದುರಸ್ತಿ ಮಾಡುತ್ತಾರೆಯೇ ಹೊರತು ರೂಪ ಬದಲಾಯಿಸೋದಿಲ್ಲ. ಮೂರು ವರ್ಷ ಪೂರ್ಣ ದುರಸ್ತಿ, ಮೇಲೆ ಎರಡು ವರ್ಷ ದೀರ್ಘಾವಧಿ ದುರಸ್ತಿ.

ಈ ತಾಳ್ಮೆಯಿಂದ ಏನು ಲಾಭ ಅಂತ ಕೇಳಬಹುದು. ೨೦೨೪ರ ಮಾರ್ಚ್‌ನಲ್ಲಿ ಒಂದು ಪ್ರಸಂಗ ನಡೆಯಿತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಅನ್ನೋ ಸಣ್ಣ ತಂತ್ರಾಂಶದೊಳಗೆ, ವರ್ಷಗಟ್ಟಲೆ ನಂಬಿಕೆ ಗಳಿಸಿದ್ದ ಒಬ್ಬ ಕೆಲಸಗಾರನೇ ಕಳ್ಳ ಬಾಗಿಲು ಕೂರಿಸಿದ್ದ. ಅದು ಡೆಬಿಯನ್ನಿನ ಅಸ್ಥಿರ, ಪರೀಕ್ಷೆ ಎರಡೂ ಮನೆಗೆ ಬಂದಿತ್ತು. ಸ್ಥಿರದ ಮನೆಗೆ ಬಂದಿರಲಿಲ್ಲ. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರು ದೂರದ ಯಂತ್ರಕ್ಕೆ ಪ್ರವೇಶಿಸೋಕೆ ಅರ್ಧ ಸೆಕೆಂಡು ಹೆಚ್ಚಾಗುತ್ತಿದೆಯಲ್ಲಾ ಅಂತ ಬೆನ್ನುಹತ್ತಿ ಹಿಡಿದರು. ಮುಕ್ತವಾಗಿದ್ದರೂ ಕಳ್ಳ ಬರಬಹುದು ಅನ್ನೋದೂ ಇದರಲ್ಲಿದೆ, ಮುಕ್ತವಾಗಿದ್ದರಿಂದಲೇ ಬಿಚ್ಚಿ ನೋಡಿ ಹಿಡಿಯೋಕಾಯಿತು ಅನ್ನೋದೂ ಇದರಲ್ಲಿದೆ. ತಡೆದು ತಗೊಂಡವರು ಬಚಾವಾದರು. ಹೊಸ ತಳಿ ಬಂದ ವರ್ಷವೇ ಎಲ್ಲ ಹೊಲಕ್ಕೂ ಬಿತ್ತಬೇಡ, ಪಕ್ಕದವನ ಹೊಲದಲ್ಲಿ ನೋಡು ಅಂತ ನಮ್ಮಪ್ಪ ಹೇಳುತ್ತಿದ್ದದ್ದು ಇದನ್ನೇ.

ಇನ್ನು ನಮಗೆ ಬೇಕಾದ ಹಾಗೆ ತಿದ್ದಿಕೊಳ್ಳುವ ವಿಷಯ. ಡೆಬಿಯನ್ ೧೨ರ ಉಗ್ರಾಣದಲ್ಲಿ ೬೪ ಸಾವಿರಕ್ಕೂ ಹೆಚ್ಚು ತಂತ್ರಾಂಶದ ಕಟ್ಟುಗಳಿವೆ. ನಮಗೆ ಬೇಕಾದ್ದು ಬೆರಳೆಣಿಕೆ. ಹಳೇ ಯಂತ್ರವಾದ್ದರಿಂದ ಎಕ್ಸ್‌ಎಫ್‌ಸಿಇ ಅನ್ನೋ ಹಗುರವಾದ ಮುಖಪುಟ ಹಾಕಿಸಿದೆವು. ಪರದೆ ಮೇಲೆ ಐದೇ ದೊಡ್ಡ ಚಿತ್ರ: ಬಟವಾಡೆ, ಪಶು ಆಹಾರ, ನಡವಳಿ, ಪ್ರಿಂಟ್, ಇಂಟರ್ನೆಟ್. ಹೆಸರು ಕನ್ನಡದಲ್ಲಿ ನಾವೇ ಕೊಟ್ಟದ್ದು. ಒಳಗಿನ ಮೆನುಗಳು ಇನ್ನೂ ಅರ್ಧ ಇಂಗ್ಲಿಷಿನಲ್ಲಿವೆ, ಸುಳ್ಳು ಹೇಳೋದಿಲ್ಲ. ಲೆಕ್ಕ, ಪತ್ರ ಎಲ್ಲ ಲಿಬ್ರೆಆಫೀಸಿನಲ್ಲಿ.

ಕನ್ನಡ ಟೈಪಿಂಗೇ ದೊಡ್ಡ ಹೆದರಿಕೆಯಾಗಿತ್ತು. ನಮ್ಮ ಕಾರ್ಯದರ್ಶಿ ಕಲಿತದ್ದು ನುಡಿಯಲ್ಲಿ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಅದೇ ಕೀಲಿಮಣೆ ಲಿನಕ್ಸಿನಲ್ಲಿ 'ಕೆಜಿಪಿ' ಅನ್ನೋ ಹೆಸರಲ್ಲಿ ಇದೆ. ಕನ್ನಡ ಗಣಕ ಪರಿಷತ್ತಿನ ಇಂಗ್ಲಿಷ್ ಹೆಸರಿನ ಮೊದಲಕ್ಷರ ಅದು. ಅಕ್ಷರ ರೂಪಗಳೂ ಇವೆ, ಗುಬ್ಬಿ, ನವಿಲು, ಲೋಹಿತ್ ಅಂತ. ಬೆರಳು ಹೊಸದಾಗಿ ಏನೂ ಕಲಿಯಬೇಕಾಗಲಿಲ್ಲ. ಆದರೆ ಹಳೇ ನುಡಿ ಅಕ್ಷರದಲ್ಲಿ ಟೈಪು ಮಾಡಿದ್ದ ನಡವಳಿಗಳ ಹಳೇ ಪ್ರಿಂಟು ಒಬ್ಬರ ಈ-ಮೇಲಿನಲ್ಲಿ ಕಡತದ ರೂಪದಲ್ಲಿ ಸಿಕ್ಕಿತು, ಅದನ್ನು ತೆರೆದರೆ ಅಕ್ಷರ ಎಲ್ಲ ಗೀಚಿದ ಹಾಗೆ ಬಂತು. ಅದನ್ನು ಯುನಿಕೋಡಿಗೆ ಪರಿವರ್ತಿಸಿ, ಸಾಲು ಸಾಲು ತಾಳೆ ನೋಡಬೇಕಾಯಿತು. ಒತ್ತಕ್ಷರಗಳಲ್ಲಿ ತಪ್ಪು ನುಸುಳುತ್ತದೆ, ಅದನ್ನು ನೋಡದೆ ಬಿಡಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ ಮಾಡಿಕೊಂಡದ್ದು ಎರಡು. ಕಾರ್ಯದರ್ಶಿಗೆ ಬೇರೆ, ಪರೀಕ್ಷಕನಿಗೆ ಬೇರೆ ಪ್ರವೇಶ. ಒಬ್ಬರ ಕಡತ ಇನ್ನೊಬ್ಬರು ಅಳಿಸೋಕಾಗದು. ಎರಡನೆಯದು, ರಾತ್ರಿ ಎಂಟು ಗಂಟೆಗೆ ಯಾರೂ ಹೇಳದೆ ಲೆಕ್ಕವೆಲ್ಲ ಇನ್ನೊಂದು ಡಿಸ್ಕಿಗೆ ಪ್ರತಿಯಾಗುತ್ತದೆ. ಭಾನುವಾರ ಒಂದು ಪ್ರತಿ ಅಧ್ಯಕ್ಷರ ಮನೆ ಬೀರುವಿಗೆ ಹೋಗುತ್ತದೆ. ತಿಂಗಳಿಗೊಮ್ಮೆ ಆ ಪ್ರತಿಯನ್ನು ತೆರೆದು ಓದಿ ನೋಡುತ್ತೇವೆ. ತೆರೆದು ನೋಡದ ಪ್ರತಿ, ಬಿತ್ತಿ ನೋಡದ ಬೀಜದ ಹಾಗೆ, ಮೊಳೆತೀತು ಅನ್ನೋ ಭರವಸೆ ಇಲ್ಲ.

ತಿದ್ದೋಕೆ ಬರುತ್ತದೆ ಅಂತ ದಿನಾ ತಿದ್ದುತ್ತಾ ಕೂರಬಾರದು. ಹುಡುಗರಿಗೆ ಬಣ್ಣ ಬದಲಾಯಿಸೋ ಚಪಲ. ಅದಕ್ಕೆ ಒಂದು ನೋಟ್ ಪುಸ್ತಕ ಇಟ್ಟಿದ್ದೇವೆ. ಕಂಪ್ಯೂಟರಿನಲ್ಲಿ ಏನೇ ಬದಲಾಯಿಸಿದರೂ ತಾರೀಖು, ಏನು, ಯಾಕೆ, ಯಾರು ಅಂತ ಬರೆದು ಸಹಿ ಹಾಕಬೇಕು. ಪಾಲಿಟೆಕ್ನಿಕ್ ಹುಡುಗ ಈಗ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದಾನೆ. ಆ ಪುಸ್ತಕ ಇರೋದರಿಂದ ಇನ್ನೊಬ್ಬ ಹುಡುಗಿ ಬಂದು ಅದೇ ಜಾಗದಿಂದ ಮುಂದುವರಿಸಿದಳು.

ಆಗದೇ ಹೋದದ್ದನ್ನೂ ಹೇಳಬೇಕು. ಹಾಲಿನ ಯಂತ್ರದ ಜೊತೆ ಬಂದ ತಂತ್ರಾಂಶ ವಿಂಡೋಸಿಗೆ ಮಾತ್ರ. ಲಿನಕ್ಸಿನಲ್ಲಿ ನಡೆಸೋಕೆ ಎರಡು ವಾರ ಒದ್ದಾಡಿ ಕೈಬಿಟ್ಟೆವು. ಹಾಗಾಗಿ ಕೌಂಟರಿನ ಯಂತ್ರದಲ್ಲಿ, ಈ ಸಲ ಲೈಸೆನ್ಸ್ ಕೊಂಡು, ವಿಂಡೋಸೇ ಇದೆ. ಅದಕ್ಕೆ ಇಂಟರ್ನೆಟ್ ಇಲ್ಲ. ಕೆಂಪು ದಾರ ಕಟ್ಟಿದ ಒಂದೇ ಒಂದು ಪೆನ್‌ಡ್ರೈವ್ ಅದಕ್ಕೆ ಹೋಗಬಹುದು. ದಿನದ ಅಂಕಿಗಳನ್ನ ಅದರಲ್ಲಿ ಕಚೇರಿ ಯಂತ್ರಕ್ಕೆ ತರುತ್ತೇವೆ. ಟ್ಯಾಲಿ ಬಳಸುವ ಸಂಘದವರೂ ಯೋಚಿಸಬೇಕು, ಅದು ವಿಂಡೋಸಿಗಾಗಿ ಮಾಡಿದ್ದು.

ಪುಕ್ಕಟೆ ಅನ್ನೋದೂ ಪೂರ್ತಿ ನಿಜವಲ್ಲ. ತಂತ್ರಾಂಶಕ್ಕೆ ದುಡ್ಡಿಲ್ಲ, ಡಿಸ್ಕಿಗೆ, ಯುಪಿಎಸ್ ಬ್ಯಾಟರಿಗೆ, ಕಲಿಸಿದ ಹುಡುಗನಿಗೆ ಕೊಟ್ಟೆವು. ಕೊಡಲೇಬೇಕು. ಕಾರ್ಯದರ್ಶಿಗಳು ಮೊದಲ ತಿಂಗಳು "ಕಣ್ಣು ಒಂದ್ ಕಡೆ, ಕೈ ಒಂದ್ ಕಡೆ ಹೋಗುತ್ತೆ ಅಣ್ಣ" ಅಂತ ಗೊಣಗಿದರು. ಆ ಗೊಣಗಾಟಕ್ಕೆ ಬೆಲೆ ಕೊಡಬೇಕು. ಜರ್ಮನಿಯ ಮ್ಯೂನಿಕ್ ನಗರಸಭೆ ೨೦೦೩ರಲ್ಲಿ ಲಿನಕ್ಸಿಗೆ ಹೋಗೋ ನಿರ್ಧಾರ ಮಾಡಿ, ಸಾವಿರಾರು ಯಂತ್ರ ಬದಲಾಯಿಸಿ, ೨೦೧೭ರಲ್ಲಿ ಮತ್ತೆ ವಿಂಡೋಸಿಗೆ ಮರಳೋಕೆ ಮತ ಹಾಕಿತು. ನಮ್ಮ ಪಕ್ಕದ ಕೇರಳದಲ್ಲಿ ಸರಕಾರಿ ಶಾಲೆಗಳು ವರ್ಷಾನುಗಟ್ಟಲೆಯಿಂದ ಲಿನಕ್ಸಿನಲ್ಲೇ ಪಾಠ ಮಾಡುತ್ತಿವೆ. ಅಲ್ಲಿ ಕೈಟ್ ಅನ್ನೋ ಸರಕಾರಿ ಸಂಸ್ಥೆ ಉಬುಂಟುವನ್ನು ತಮ್ಮ ಪಠ್ಯಕ್ಕೆ, ಮಲಯಾಳಕ್ಕೆ ತಕ್ಕ ಹಾಗೆ ತಿದ್ದಿ ಕೊಡುತ್ತದೆ, ಮೇಷ್ಟ್ರುಗಳಿಗೆ ತರಬೇತಿಯನ್ನೂ ಕೊಡುತ್ತದೆ. ತರಬೇತಿಯನ್ನು ಬಿಟ್ಟು ಬರೀ ಯಂತ್ರ ಬದಲಾಯಿಸಿದರೆ ನಡೆಯೋದಿಲ್ಲ ಅಂತ ನನ್ನ ತಿಳುವಳಿಕೆ.

ಬೇರೆ ಸಂಘದವರಿಗೆ ನನ್ನ ಸಲಹೆ ಇಷ್ಟು:

೧. ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ. ಡಿಸ್ಕಿನಲ್ಲಿರೋದನ್ನ ಮುಟ್ಟಬೇಕಾಗಿಲ್ಲ. ಪ್ರಿಂಟರು, ವೈಫೈ, ಕನ್ನಡ ಮೂರೂ ಪರೀಕ್ಷಿಸಿ.

೨. ನೀವು ಬಳಸುವ ಒಂದೊಂದು ತಂತ್ರಾಂಶದ ಪಟ್ಟಿ ಮಾಡಿ. ವಿಂಡೋಸ್ ಬಿಟ್ಟು ನಡೆಯದೇ ಇರೋದು ಯಾವುದು ಅಂತ ಮೊದಲೇ ತಿಳಿದುಕೊಳ್ಳಿ.

೩. ಹೊಸದನ್ನ ಹುಡುಕಬೇಡಿ, ದುರಸ್ತಿ ಎಲ್ಲಿಯವರೆಗೆ ಸಿಗುತ್ತದೆ ಅಂತ ಕೇಳಿ. ಆ ತಾರೀಖನ್ನು ನಡವಳಿ ಪುಸ್ತಕದಲ್ಲಿ ಬರೆಯಿರಿ. ನಮ್ಮದು ೨೦೨೮ರ ಜೂನ್. ೨೦೨೫ರ ಆಗಸ್ಟ್‌ನಲ್ಲಿ ಡೆಬಿಯನ್ ೧೩ ಬಂದಿದ್ದರೂ ನಾವು ಅವಸರ ಮಾಡಿಲ್ಲ. ಗಡುವಿನೊಳಗೆ ಹೋಗುತ್ತೇವೆ.

೪. ಊರಿನಲ್ಲಿ ಕನಿಷ್ಠ ಇಬ್ಬರಿಗೆ ಗೊತ್ತಿರಲಿ. ಒಬ್ಬನಿಗೇ ಗೊತ್ತಿದ್ದರೆ ಸಂಘ ಅವನ ಕೈಲಿ ಸಿಕ್ಕಿದ ಹಾಗೆ.

೫. ಯಾವ ವ್ಯವಸ್ಥೆಯೇ ಇರಲಿ, ಲೆಕ್ಕದ ಪ್ರತಿ ಬೇರೆ ಜಾಗದಲ್ಲಿರಲಿ. ನಮ್ಮ ಲೆಕ್ಕ ಹೋಗಿದ್ದಕ್ಕೆ ವಿಂಡೋಸನ್ನು ಮಾತ್ರ ಬೈದರೆ ತಪ್ಪಾಗುತ್ತದೆ. ಕಳ್ಳ ಪ್ರತಿ ಹಾಕಿಸಿಕೊಂಡವರು, ಪ್ರತಿ ಇಡದವರು ನಾವೇ.

ಕೊನೆಯ ಮಾತು. ಕಳೆದ ತಿಂಗಳು ಒಬ್ಬ ಸದಸ್ಯರು ಬ್ಯಾಂಕಿನಲ್ಲಿ ಹಸು ಸಾಲ ಕೇಳೋಕೆ ಎರಡು ವರ್ಷದ ಹಾಲಿನ ಲೆಕ್ಕ ಬೇಕು ಅಂತ ಕಚೇರಿಗೆ ಬಂದರು. ಕಾರ್ಯದರ್ಶಿ ಗುಂಡಿ ಒತ್ತಿ, ಕನ್ನಡದಲ್ಲಿ, ದಿನವಾರು ಲೀಟರು, ಫ್ಯಾಟು, ಹಣ ಎಲ್ಲ ಇರೋ ಹಾಳೆಗಳನ್ನು ಸೀಲು ಹಾಕಿ ಕೊಟ್ಟರು. ತಗೊಂಡವರು ಒಲೆ ಮೇಲೆ ಚೀಟಿ ಸಿಕ್ಕಿಸಿದ್ದ ಅದೇ ತಾಯಿ. ಹಾಳೆಗಳನ್ನು ಒಂದೊಂದೇ ತಿರುವಿ ನೋಡಿ, "ಇದು ಕರ್‍ರಗಾಗಲ್ಲ ತಾನೇ ಅಣ್ಣ" ಅಂತ ಕೇಳಿದರು. ಆದರೂ ಚಿಂತೆಯಿಲ್ಲ ತಾಯಿ, ಇನ್ನೊಂದು ಪ್ರತಿ ನಮ್ಮ ಹತ್ತಿರ ಇದೆ ಅಂದೆ. ೨೦೨೩ರಲ್ಲಿ ಅವರಿಗೆ ಕಡಿಮೆ ಕೊಟ್ಟದ್ದನ್ನು ಸರಿಮಾಡೋಕೆ ನಮ್ಮ ಹತ್ತಿರ ಇವತ್ತಿಗೂ ಆಧಾರವಿಲ್ಲ. ಇನ್ನೊಬ್ಬರಿಗೆ ಹಾಗಾಗದ ಹಾಗೆ ನೋಡಿಕೊಳ್ಳೋದಷ್ಟೇ ನಮ್ಮ ಕೈಲಿರೋದು.



ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.